ಅಕ್ಷರ ಬಿಡದ ನಡಾವಳಿ

ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ನನಗೆ ಅಷ್ಟು ತಾಳ್ಮೆಯಿಲ್ಲ. ನಾನು ತಿಂಗಳೊಳಗೇ ತೀರಿಸಿಕೊಂಡೆ.

ರಾಣೆಬೆನ್ನೂರಿನ ನಮ್ಮ ಕಮರ್ಶಿಯಲ್ ಹೈಸ್ಕೂಲು ಶುರುವಾದದ್ದು ಒಬ್ಬ ಟೈಪಿಂಗ್ ಮಾಸ್ತರರ ಪಡಸಾಲೆಯಲ್ಲಿ. ಒಳಮನೆಯಲ್ಲಿ ಉರ್ದು, ಪಡಸಾಲೆಯಲ್ಲಿ ಕನ್ನಡ, ನಡುವೆ ಎರಡು ಹಳೇ ಮಷಿನ್ನುಗಳ ಸದ್ದು. ಬ್ಯಾಡಗಿಯಿಂದ ಬೆಳಗಿನ ರೈಲಿಗೆ ಬರುತ್ತಿದ್ದ ನನಗೆ ಮಾಸ್ತರರ ಹೆಂಡತಿ ಮೊದಲು ಚಹಾ ಕೊಡುತ್ತಿದ್ದರು, ಪಾಠ ಆಮೇಲೆ. ಅಲ್ಲಿ ಕಲಿತವರು ಮೆಣಸಿನಕಾಯಿ ದಲಾಲಿ ಅಂಗಡಿಗಳಲ್ಲಿ, ಬೀಜದ ಕಂಪನಿಗಳಲ್ಲಿ ಕೆಲಸಕ್ಕೆ ಕೂತರು. ನಾನು ಹಾವೇರಿ ಕೋರ್ಟಿನಲ್ಲಿ ಸ್ಟೆನೊ ಆಗಿ ನಿವೃತ್ತಳಾದೆ. ಈಗ ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿ.

ಸಂಘದ ಅಧ್ಯಕ್ಷ ನನ್ನ ಸಹಪಾಠಿ. ಎರಡು ಸಲ ಟೈಪಿಂಗ್ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನನ್ನು ಮಾಸ್ತರರೇ ದಿನಾ ಸಂಜೆ ಕೂರಿಸಿಕೊಂಡು ದಡ ಮುಟ್ಟಿಸಿದ್ದರು. ಶಾಲೆಯ ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ, ಮಾಸ್ತರರ ಅಧ್ಯಾಯವನ್ನು ಸಮಿತಿಯ ಮುಂದೆ ಓದಿದೆ. ಅಧ್ಯಕ್ಷ ನಡುವೆಯೇ ತಡೆದ.

"ಟೈಪ್ ಕುಟ್ಟಾಂವಗ ಎಂಥಾ ಚರಿತ್ರಿ? ನಮ್ಮಪ್ಪ ಜಾಗಾ ಕೊಟ್ಟಮ್ಯಾಲೆ ಇದು ಸಾಲಿ ಆತು. ಆ ಮಾಸ್ತರಂದು ಒಂದ ಗೆರಿನೂ ಬ್ಯಾಡ."

ಉಳಿದವರು ಚಹಾದ ಕಪ್ಪು ನೋಡುತ್ತ ಕೂತರು. ನನಗೆ ಮೈಯೆಲ್ಲ ಉರಿಯಿತು. ಉಂಡ ಮನೆಗೆ ಎರಡು ಬಗೆಯುವವರನ್ನು ಕೋರ್ಟಿನಲ್ಲಿ ಬೇಕಾದಷ್ಟು ನೋಡಿದ್ದೆ, ಇಂಥವನನ್ನು ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡೆ, ಕೈ ಮಾತ್ರ ಶಾರ್ಟ್‌ಹ್ಯಾಂಡಿನಲ್ಲಿ ಎಲ್ಲವನ್ನೂ ಬರೆದುಕೊಂಡಿತು.

ನಮ್ಮ ಸಂಘಕ್ಕೊಂದು ಪದ್ಧತಿಯಿದೆ, ಮಾಸ್ತರರು ತರಗತಿಯಲ್ಲಿ ರೂಢಿ ಮಾಡಿಸಿದ್ದು. ಯಾವ ಸಭೆಯಾದರೂ ಹಿಂದಿನ ಸಭೆಯ ನಡಾವಳಿ ಓದಬೇಕು, ಒಬ್ಬರು ಅನುಮೋದಿಸಬೇಕು, ಅಧ್ಯಕ್ಷರು ಸಹಿ ಹಾಕಬೇಕು. ಆಮೇಲೆಯೇ ಬೇರೆ ಮಾತು. ಸಾಮಾನ್ಯವಾಗಿ 'ಚರ್ಚಿಸಲಾಯಿತು' ಎಂದು ಬರೆದು ಹೊಲಸು ಮುಚ್ಚುತ್ತೇವೆ. ಈ ಸಲ ನಾನು ಮುಚ್ಚಲಿಲ್ಲ.

ಮುಂದಿನದು ವಾರ್ಷಿಕ ಸಭೆ. ಗೌರವ ಸದಸ್ಯರಾದ ಮಾಸ್ತರರನ್ನು ನಾನೇ ಆಟೋದಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದೆ. ಆ ಮಾತು ಅವರ ಕಿವಿಗೂ ಬೀಳುತ್ತದೆಂದು ಗೊತ್ತಿದ್ದೂ ಕರೆತಂದೆ. ಸಿಟ್ಟಿಗೆ ಅಷ್ಟು ದಯೆ ಇರುವುದಿಲ್ಲ.

ತುಂಬಿದ ಸಭೆಯಲ್ಲಿ ಒಂದಕ್ಷರ ಬಿಡದೆ ಓದಿದೆ. 'ಟೈಪ್ ಕುಟ್ಟಾಂವಗ' ಎಂಬಲ್ಲಿ ಬೇಕೆಂದೇ ನಿಧಾನ ಮಾಡಿದೆ. ಅಧ್ಯಕ್ಷನ ಮುಖ ಕಪ್ಪಿಟ್ಟಿತು. ತಾನು ಹಾಗೆ ಅಂದೇ ಇಲ್ಲ, ಅದನ್ನು ಹೊಡೆದುಹಾಕಿ ಎಂದ. ಅನುಮೋದಿಸುವವರು ಯಾರೆಂದು ಕೇಳಿದೆ. ಅವತ್ತು ಕಿವಿಯಾರೆ ಕೇಳಿದ ಸಮಿತಿಯವರೆಲ್ಲ ತಲೆ ತಗ್ಗಿಸಿದರು. ಆಗ ನನಗೆ ಹೆದರಿಕೆಯಾಯಿತು. ಯಾರೂ ಕೈ ಎತ್ತದಿದ್ದರೆ ಮಾತು ಅಳಿಸಿಹೋಗುತ್ತದೆ, ಮಾಸ್ತರರಿಗೆ ಅವಮಾನವಷ್ಟೇ ಉಳಿಯುತ್ತದೆ.

ಮಾಸ್ತರರು ಕುರ್ಚಿ ಹಿಡಿದು ಎದ್ದರು.

"ಈಕಿಗೆ ಶಾರ್ಟ್‌ಹ್ಯಾಂಡ್ ಕಲಿಸಿದಾಂವ ನಾನು. ಕೇಳಲಾರದ್ದನ್ನ ಈಕಿ ಬರಿಯಂಗಿಲ್ಲ, ಕೇಳಿದ್ದನ್ನ ಬಿಡಂಗಿಲ್ಲ. ನನ್ನ ಅನುಮೋದನೆ ಐತಿ."

ಆಮೇಲೆ ಒಂದೊಂದಾಗಿ ಕೈಗಳು ಎದ್ದವು. ನಡಾವಳಿ ಪುಸ್ತಕ ಅಧ್ಯಕ್ಷನ ಮುಂದಿಟ್ಟು ಪೆನ್ನಿನ ಟೊಪ್ಪಿಗೆ ನಾನೇ ತೆಗೆದುಕೊಟ್ಟೆ. ಎಲ್ಲರ ಕಣ್ಣೆದುರು ಅವನು ಸಹಿ ಹಾಕಿದ. ನನಗೆ ಹಬ್ಬದಷ್ಟು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅದೇ ಸಭೆ ಮಾಸ್ತರರ ಅಧ್ಯಾಯವನ್ನೂ ಒಪ್ಪಿತು. ಈಗ ಚರಿತ್ರೆ ಅಚ್ಚಾಗಿ ಬಂದಿದೆ. ಮೊದಲ ಅಧ್ಯಾಯ ಮಾಸ್ತರರದು. ಅದಕ್ಕೂ ಮುಂಚೆ ಆ ನಡಾವಳಿಯ ಪುಟವಿದೆ, ಅಧ್ಯಕ್ಷರ ಸಹಿ ಸಮೇತ.