ತಮ್ಮನ ಪಾಲಿನ ಮಾತು

ನನ್ನ ತಮ್ಮ ಶರಣಪ್ಪ ಹಿರಿಯರ ಮುಂದೆ ಆಡಹೊರಟಿದ್ದ ಒಂದು ಮಾತನ್ನು ನಾನು ನಡುವೆಯೇ ಕಸಿದುಕೊಂಡು ಬೇರೆಯದನ್ನು ಹೇಳಿದೆ. ಬಾಯಿತಪ್ಪಿ ಅಲ್ಲ— ಬೇಕೆಂದೇ. ಊರು ಅದನ್ನು ನನ್ನ ಚಾಳಿ ಎಂದುಕೊಂಡಿತು. ಅಂದುಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ.

ಚಾಳಿ ಇರುವುದು ನಿಜ. ಎದುರಿನವರು ಮಾತು ಶುರು ಮಾಡಿದರೆ ಮುಗಿಸುವ ಜವಾಬ್ದಾರಿಯನ್ನು ದೇವರು ನನಗೇ ವಹಿಸಿದ್ದಾನೆಂದು ನಂಬಿ ಬಾಳಿದವನು ನಾನು. ಶಹಾಪುರದ ಡಾಕ್ಟರು ಬಾಯಿ ತೆರೆಯುವ ಮೊದಲೇ ನನ್ನ ರೋಗವನ್ನೂ ಔಷಧವನ್ನೂ ನಾನೇ ಹೇಳಿ, ಫೀಸು ಮಾತ್ರ ಅವರಿಗೆ ಕೊಟ್ಟು ಬಂದಿದ್ದೇನೆ. ಶರಣಪ್ಪ ತದ್ವಿರುದ್ಧ. ಬಾವಿಯ ಮೆಟ್ಟಿಲು ಇಳಿಯುವವರ ಹಾಗೆ ಒಂದೊಂದು ಪದಕ್ಕೂ ಕಾಲೂರಿ ನಿಂತು ಮಾತಾಡುವವನು. ಹಸಿವಾಗಿದೆಯಾ ಎಂದು ಅವ್ವ ಅವನನ್ನು ಕೇಳಿದರೆ ಉತ್ತರ ನನ್ನಿಂದ ಹೋಗುತ್ತಿತ್ತು. ಅವನು ತಲೆಯಾಡಿಸಿ ಊಟಕ್ಕೆ ಕೂಡುತ್ತಿದ್ದ.

ಅಪ್ಪ ತೀರಿದ ಮರುವರ್ಷ ಸಗರದ ನಮ್ಮ ಮನೆಯಲ್ಲಿ ಆಸ್ತಿ ವಾಟ್ನಿಗೆ, ಅಂದರೆ ಪಾಲು ಹಂಚಲು, ಹಿರಿಯರು ಕೂತರು. ಹೊಲ ಎರಡು— ಗುಡ್ಡದ ಬದಿಯದು ಅಗಲ ಜಾಸ್ತಿ, ಕಾಲುವೆಯ ಬದಿಯದು ಬೆಳೆ ಜಾಸ್ತಿ. ಹಿರಿಯ ಮಗ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ನಮ್ಮ ಕಡೆಯ ನ್ಯಾಯ. ಅಂದು ಬೆಳಿಗ್ಗೆಯೇ ಶರಣಪ್ಪ ನನ್ನ ಬಳಿ ಬಂದು, "ಅಣ್ಣಾ… ಕಾಲುವಿ ಹೊಲ ನನಗಿರ್ಲಿ. ನೆಲ್ಲು… ನಾನೇ ಹಚ್ತೀನಿ" ಎಂದಿದ್ದ. ಬಾಯಲ್ಲಿ ಬೇವಿನ ಕಡ್ಡಿ ಇದ್ದುದರಿಂದ ಪೂರ್ತಿ ಕೇಳಿಸಿಕೊಂಡೆ. ಆದ್ದರಿಂದ ಗೊತ್ತಿರಲಿಲ್ಲ ಎನ್ನುವಂತಿಲ್ಲ.

"ಹೇಳಪಾ ಶರಣ್ಯಾ, ಯಾವುದು ಬೇಕು?" ಎಂದರು ಹಿರಿಯರು.

"ನನಗ… ಕಾಲುವಿ ಕಡೀದು…" ಎಂದು ಅವನು ಉಸಿರು ತೆಗೆದುಕೊಂಡ.

"ಬ್ಯಾಡ ಅಂತಾನ್ರಿ. ನೀರಿನ ಜಗಳ ಅವನ ಕೈಲೆ ಆಗಂಗಿಲ್ಲ. ಗುಡ್ಡದ್ದೇ ಸಾಕಂತ."

"ಇಂವ ತಮ್ಮನ ಹೊಟ್ಟ್ಯಾಗ ಕುಂತು ಮಾತಾಡ್ತಾನ ನೋಡ್ರಿ" ಎಂದು ಒಬ್ಬರು ನಕ್ಕರು. ಶರಣಪ್ಪ ನನ್ನ ಮುಖ ನೋಡಿದ. ಆಮೇಲೆ— ಊಟಕ್ಕೆ ಕೂಡುವಾಗ ಆಡಿಸುತ್ತಿದ್ದನಲ್ಲ, ಹಾಗೆಯೇ ತಲೆಯಾಡಿಸಿದ.

ಇಂದಿಗೂ ಕಾಲುವೆ ಹೊಲದಲ್ಲಿ ನಾನು ನೆಲ್ಲು ಬೆಳೆಯುತ್ತೇನೆ, ಅವನು ಕಲ್ಲಿನ ನಡುವೆ ತೊಗರಿ. ಅವನ ಹೆಂಡತಿ ಬಂದವರ ಮುಂದೆ, "ಭಾವಾರ ಬಾಯಿ ಅಷ್ಟ ಮುಂದ, ಮನಸ್ಸು ಭಾಳ ಚೊಲೋ" ಎನ್ನುತ್ತಾಳೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಹೋದ ತಿಂಗಳು ಅವನ ಮಗಳಿಗೆ ಕಕ್ಕೇರಾದ ಸಂಬಂಧ ಬಂತು. "ಅಣ್ಣಾ, ನೀನೇ ಬಂದು ಮಾತಾಡು, ನನಗ ಮಾತಾಡಾಕ ಬರಂಗಿಲ್ಲ" ಎಂದ. ಎಲ್ಲೂ ತಡೆಯದೆ, ಒಂದೇ ಉಸಿರಿನಲ್ಲಿ. ಆ ಮಾತು ಅವನಿಗೆ ಅಷ್ಟು ರೂಢಿಯಾಗಿಬಿಟ್ಟಿದೆ. ಹೊಲವೊಂದನ್ನೇ ಕಸಿದುಕೊಂಡೆ ಎಂದು ನಾನು ಲೆಕ್ಕ ಹಾಕಿದ್ದೆ—

ಅಲ್ಲಿಯೇ ಶುರು ಮಾಡಿದೆ: "ಶರಣಾ, ವಾಟ್ನಿ ದಿನ ನಾನು…" ನನ್ನ ಮಾತು ನಿಂತಿತು. ಅವನು ಕಾದ. ನಡುವೆ ಬಾಯಿ ಹಾಕಲಿಲ್ಲ, ಅವಸರ ಮಾಡಲಿಲ್ಲ. ನಾನು ಅವನಿಗೆ ಎಂದೂ ಕೊಡದಷ್ಟು ಹೊತ್ತು ಕೊಟ್ಟ. ಊರೆಲ್ಲರ ಮಾತು ಮುಗಿಸಿದ ಮಹಾನುಭಾವ ನಾನು, ಕಡೆಗೆ, "ಈ ಸಲ ನೀರು ಯಾವಾಗ ಬಿಡ್ತಾರಂತ?" ಎಂದು ಕೇಳಿ ಎದ್ದು ಬಂದೆ.

ಕಕ್ಕೇರಾದವರು ಬರುವ ಮುಂಚೆ ಅದೇ ಹಿರಿಯರನ್ನು ಕೂಡಿಸುತ್ತೇನೆ. ಅವನು ಕೇಳಿದ್ದು ಯಾವ ಹೊಲ, ನಾನು ಹೇಳಿದ್ದು ಏನು, ಎರಡನ್ನೂ ಹೇಳಿ, ಹೊಲ ಅವನ ಮುಂದಿಡುತ್ತೇನೆ. ಆಮೇಲೆ ಅವನು, "ಇರ್ಲಿ ಬಿಡಣ್ಣಾ" ಎನ್ನುತ್ತಾನೆ—

ಇಲ್ಲ. ಅದೂ ನಾನೇ ಹೇಳಿದ್ದು. ಅವನು ಇನ್ನೂ ಏನೂ ಹೇಳಿಲ್ಲ.