ಬಾಗಿಲ ಹಿಡಿಕೆಯಲ್ಲಿ ತೂಗಿದ ರೊಟ್ಟಿ

ಸುಮತಿ, ಅದು ಉಮ್ ಖಲೀಲ್ ಅಲ್ಲ. ನಾನು.

ನಿನ್ನ ಅತ್ತೆಯ ಗುಟ್ಟನ್ನು ಕುವೈತಿನ ಕನ್ನಡದವರ ಬಾಯಿಗೆ ಹಾಕಿದವನು ನಾನು. ಅದನ್ನು ಎದುರು ಮನೆಯ ಪ್ಯಾಲೆಸ್ತೀನಿ ಮುದುಕಿಯ ತಲೆಗೆ ಕಟ್ಟಿದವನೂ ನಾನೇ. ನೀನು ಇವತ್ತಿಗೂ ಅವಳನ್ನು ಶಪಿಸುತ್ತೀ. ಆ ಶಾಪ ಬರಬೇಕಾದ ವಿಳಾಸ ನನ್ನದು.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಬಾಯಿ ಬಿಟ್ಟರೆ ಇಡೀ ಚಪ್ಪರ ನಗಿಸುವ ಈ ವಿಠಲನಿಗೆ ನಾಲ್ಕು ಸಾಲಿಗೇ ನೀರು ಬೇಕಾಯಿತು — ನೋಡು.

ನನ್ನ ಬಾಯಿಯ ಪ್ರತಾಪ ನಿನಗೆ ಗೊತ್ತಿದ್ದದ್ದೇ. ಇದನ್ನು ಓದುವ ಬೇರೆಯವರಿಗೂ ಸ್ವಲ್ಪ ಗೊತ್ತಾಗಲಿ. ಕುವೈತಿನ ಹವಲ್ಲಿಯ ಟೇಪ್‌ರೆಕಾರ್ಡರ್ ಅಂಗಡಿಯಲ್ಲಿ ನಾನು ಆಗ ಸೇಲ್ಸ್‌ಮನ್. ಹೆಸರಿಗೆ ಸೇಲ್ಸ್‌ಮನ್, ಕೆಲಸಕ್ಕೆ ಬಹುರೂಪಿ. ನಮ್ಮ ವೀಸಾದ ಧಣಿ ಕಫೀಲ್ ಕೆಮ್ಮಿದ ಹಾಗೆ ಕೆಮ್ಮಿದರೆ ಹುಡುಗರೆಲ್ಲ ಎದ್ದು ನಿಲ್ಲಬೇಕು, ಹಾಗೆ. ಎಂಬಸಿ ಗುಮಾಸ್ತನ ಧ್ವನಿಯಲ್ಲಿ ಫೋನ್ ಮಾಡಿ ಒಬ್ಬ ಉಡುಪಿಯವನನ್ನು ಕೋಟು ಹಾಕಿಸಿ, ಮಟಮಟ ಮಧ್ಯಾಹ್ನ ಪಾಸ್‌ಪೋರ್ಟ್ ಹಿಡಿಸಿ ರಸ್ತೆಯಲ್ಲಿ ನಿಲ್ಲಿಸಿದ್ದೆ. ಅವನು ನನ್ನ ಜೊತೆ ಆರು ತಿಂಗಳು ಮಾತಾಡಲಿಲ್ಲ. ನಾನು ಆ ಆರು ತಿಂಗಳೂ ಅವನ ಧ್ವನಿಯಲ್ಲೇ ಅವನ ಕತೆ ಹೇಳಿಕೊಂಡು ತಿರುಗಿದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನೀವು ಮೂರನೇ ಮಹಡಿ, ನಾವು ನಾಲ್ಕನೆಯದು. ನಿನ್ನ ಗಂಡ ರಘು ಇಂಜಿನಿಯರ್, ನೀನು ಇಂಡಿಯನ್ ಸ್ಕೂಲಿನಲ್ಲಿ ಟೀಚರ್. ನಿನ್ನ ಮಾವ ತೀರಿಕೊಂಡ ಮೇಲೆ ರಘು ಒಬ್ಬನೇ ಮಗನಾದ್ದರಿಂದ ಹುಬ್ಬಳ್ಳಿಯಿಂದ ಅವ್ವನನ್ನು ಕರೆತಂದ. ಶಾಂತಾಬಾಯಿ — ದೊಡ್ಡ ಕುಂಕುಮ, ಇಳಕಲ್ ಸೀರೆ, ತುಟಿಯಂಚಿನಲ್ಲಿ ಸದಾ ಏನೋ ಒಂದು ಗುನುಗು. ಬಂದ ಹೊಸದರಲ್ಲಿ ನನ್ನ ಹೆಂಡತಿ ವನಜಾಳಿಗೆ ಖಾರಬ್ಯಾಳಿ ಮಾಡುವುದು ಕಲಿಸಿಕೊಟ್ಟವಳು, ವರ್ಷದೊಳಗೆ ಒಲೆ ಹಚ್ಚುವುದನ್ನೇ ಮರೆತಳು. ಆಗ ಆ ರೋಗಕ್ಕೆ ನಮಗೆ ಹೆಸರು ಗೊತ್ತಿರಲಿಲ್ಲ. ಅರಳುಮರಳು ಅಂದೆವು.

ನಿನ್ನ ಕಷ್ಟ ನಾನು ಕಣ್ಣಾರೆ ಕಂಡವನು. ಸಂಜೆಯಾದರೆ ಆಕೆ ಸೀರೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಬಾಗಿಲಿಗೆ ಬರುತ್ತಿದ್ದಳು. ಸ್ಟೇಷನ್ನಿಗೆ ಹೋಗಬೇಕು, ಅಪ್ಪ ಕಾಯುತ್ತಾನೆ. ಅಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದನಂತೆ, ಸತ್ತು ಯಾವ ಕಾಲವಾಯಿತೋ. ನೀನು ಕೈ ಹಿಡಿದರೆ ಕೈ ಕಚ್ಚುತ್ತಿದ್ದಳು. ಆ ಗುರುತು ಮುಚ್ಚಲು ನೀನು ಉದ್ದ ತೋಳಿನ ರವಿಕೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ — ಆ ಸುಡುಬಿಸಿಲಿನಲ್ಲಿ. ಒಂದು ಸಂಜೆ ನೀನು ಮೆಟ್ಟಿಲಿನಲ್ಲಿ ನಿಂತು ನನ್ನನ್ನು ಕೂಗಿದೆ: "ವಿಠಲಣ್ಣಾರ, ಅತ್ತಿ ಮತ್ತ ಗಂಟು ಕಟ್ಟ್ಯಾರ, ನನ್ನ ಕೈಲೆ ಆಗವಲ್ದು."

ನಾನು ಇಳಿದು ಬಂದು ಮೂಗು ಹಿಡಿದುಕೊಂಡು ಸ್ಟೇಷನ್ ಮಾಸ್ತರನಾದೆ. "ಗಾಡಿ ಲೇಟ್ ಐತ್ರಿ ಬಾಯಾರ. ಲೋಂಡಾದಾಗ ನಿಂತೈತಿ. ಚಾ ಕುಡೀರಿ."

ಆಕೆ ನನ್ನನ್ನು ಮೇಲೆ ಕೆಳಗೆ ನೋಡಿದಳು. "ನಿಮ್ಮ ಗಾಡಿ ಎಂದು ಟೈಮಿಗೆ ಬಂದೈತ್ರಿ ಮಾಸ್ತರ," ಎಂದು ಬಯ್ದು, ಗಂಟಿನ ಮೇಲೆ ಕೂತು ಚಾ ಕುಡಿದಳು. ನೀನು ಅಡುಗೆಮನೆಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಅಂದಿನಿಂದ ದಿನಾ ಸಂಜೆ ನಾನು ಮಾಸ್ತರ. ನನ್ನ ಜೀವಮಾನದಲ್ಲಿ ಆ ಬಾಯಿಯಿಂದ ಯಾರಿಗಾದರೂ ಉಪಕಾರ ಆಗಿದ್ದರೆ ಅದೊಂದೇ. ಅದನ್ನೂ ನಾನು ಊರಿಗೆಲ್ಲ ಹೇಳಿಕೊಂಡೇ ತಿರುಗಿದೆ.

ಹಗಲಿಗೆ ಹೆಂಗಸರು ಪಾಳಿ ಹಾಕಿಕೊಂಡರು. ನೀನು ಶಾಲೆಯಿಂದ ಬರುವವರೆಗೆ ದಿನಕ್ಕೊಬ್ಬರು ಅಜ್ಜಿಯ ಜೊತೆ ಕೂರುವುದು. ನಮ್ಮ ವನಜಾ, ಮೇಲಿನ ಮನೆಯ ನರ್ಸು, ಫರ್ವಾನಿಯಾದಿಂದ ಬಸ್ಸಿನಲ್ಲಿ ಬರುತ್ತಿದ್ದ ಇಬ್ಬರು. ಶನಿವಾರಕ್ಕೆ ಯಾರೂ ಸಿಗಲಿಲ್ಲ. ಎದುರು ಮನೆಯ ಉಮ್ ಖಲೀಲ್ ಯಾರೂ ಕೇಳದೆ ತಾನೇ ಬಂದು ಕೂತಳು. ಒಬ್ಬಳದು ಅರಬ್ಬಿ, ಇನ್ನೊಬ್ಬಳದು ಹುಬ್ಬಳ್ಳಿ ಕನ್ನಡ — ಇಬ್ಬರೂ ದಿನವಿಡೀ ಹರಟುತ್ತಿದ್ದರು. ನಾನು ಇಬ್ಬರನ್ನೂ ಅಣಕಿಸುತ್ತಿದ್ದೆ.

ಅಷ್ಟರಲ್ಲಾಗಲೇ ಆ ಶುಕ್ರವಾರಗಳು ಶುರುವಾಗಿದ್ದವು. ಹೊತ್ತು ಮುಳುಗುವ ಮುಂಚೆ ಅಜ್ಜಿ ಎರಡು ದೀಪ ಹಚ್ಚುವಳು, ತಲೆ ತುಂಬ ಸೆರಗು ಹೊದೆಯುವಳು, ಬೆಳಕನ್ನು ಬಾಚಿ ಮುಖಕ್ಕೆ ತಂದುಕೊಳ್ಳುವಂತೆ ಕೈಯಾಡಿಸಿ ಕಣ್ಣು ಮುಚ್ಚಿಕೊಳ್ಳುವಳು. ಎರಡು ಚಪಾತಿಗಳ ಮೇಲೆ ಬಟ್ಟೆ ಹೊದಿಸಿಡುವಳು. ಏನೋ ಹೇಳುವಳು — ಮರಾಠಿಯಲ್ಲ, ಸಂಸ್ಕೃತವಲ್ಲ. ಶನಿವಾರ ಒಲೆ ಮುಟ್ಟಗೊಡುತ್ತಿರಲಿಲ್ಲ, ದೀಪದ ಸ್ವಿಚ್ಚೂ ಮುಟ್ಟುತ್ತಿರಲಿಲ್ಲ. ಹೆಸರು ಕೇಳಿದರೆ ಶಾಂತಾ ಅನ್ನುತ್ತಿರಲಿಲ್ಲ. ರಿಬ್ಕಾ ಅನ್ನುತ್ತಿದ್ದಳು.

ನಾನು ರಘುವನ್ನು ಕೆಣಕಿದೆ, ಅವನು ತಾರಸಿಗೆ ಕರೆದುಕೊಂಡು ಹೋಗಿ ಹೇಳಿದ. ಅವ್ವ ಹುಟ್ಟಿದ್ದು ಹುಬ್ಬಳ್ಳಿ ರೈಲ್ವೆ ಕ್ವಾರ್ಟರ್ಸಿನ ಯಹೂದಿ ಮನೆಯಲ್ಲಿ. ನಮ್ಮ ಅಪ್ಪನನ್ನು ಮೆಚ್ಚಿ ಬಂದ ದಿನ ಎರಡೂ ಕಡೆಯ ಬಾಗಿಲು ಮುಚ್ಚಿದವು. ಹೆಸರು ಬದಲಾಯಿತು, ಕುಂಕುಮ ಬಂತು, ಗೌರಿ ಹಬ್ಬ ಬಂತು. ಆಕೆ ಒಂದು ದಿನವೂ ಹಳೆಯದನ್ನು ಬಾಯಿಗೆ ತರಲಿಲ್ಲ. ಈಗ ಈ ರೋಗ ನಮ್ಮ ಮನೆಯಲ್ಲಿ ಕಲಿತದ್ದನ್ನೆಲ್ಲ ಅಳಿಸುತ್ತ ಅಳಿಸುತ್ತ ಆಕೆಯನ್ನು ತನ್ನ ಅಪ್ಪನ ಮನೆಗೆ ಮುಟ್ಟಿಸಿದೆ — ಹೀಗೆಂದ. "ಇದು ನಮ್ಮ ಮೂರು ಮಂದಿ ಒಳಗೇ ಇರಲಿ ವಿಠಲ. ಇದು ಯಾವ ದೇಶ ಅಂತ ನಿನಗ ಗೊತ್ತೈತಿ."

ನಾನು ಅವನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ನನ್ನ ತಲೆ ಮುಟ್ಟಿಕೊಳ್ಳಲಿಲ್ಲ, ಗಮನಿಸು.

ಉಮ್ ಖಲೀಲಳಿಗೂ ಗೊತ್ತಿತ್ತು. ಒಂದು ಶನಿವಾರ ಮೆಟ್ಟಿಲಿನಲ್ಲಿ ಸಿಕ್ಕಾಗ, ನನ್ನ ಹರಕು ಅರಬ್ಬಿಗೆ ತಕ್ಕ ಹಾಗೆ ನಿಧಾನವಾಗಿ ಹೇಳಿದಳು: ತನ್ನೂರು ಹೈಫಾದಲ್ಲಿ ತಾನು ಚಿಕ್ಕವಳಿದ್ದಾಗ ಶನಿವಾರ ಬೆಳಿಗ್ಗೆ ಪಕ್ಕದ ಯಹೂದಿ ಮನೆಗೆ ಹೋಗಿ ಒಲೆ ಹಚ್ಚಿಕೊಟ್ಟು ಬರುತ್ತಿದ್ದಳಂತೆ. ಆ ದಿನ ಅವರು ಬೆಂಕಿ ಮುಟ್ಟುವುದಿಲ್ಲ, ನೆರೆಯವರು ಹಚ್ಚಿಕೊಡಬೇಕು. ಇಲ್ಲೂ ಅಷ್ಟೇ ಮಾಡುತ್ತಿದ್ದೇನೆ, ಅಂದಳು. ಇಸ್ರೇಲ್ ಹುಟ್ಟಿದಾಗ ಊರು, ಮನೆ ಎಲ್ಲ ಕಳೆದುಕೊಂಡು ಬಂದವಳು. ತುಟಿಗೆ ಬೆರಳಿಟ್ಟು ತೋರಿಸಿ ಒಳಗೆ ಹೋದಳು. ಶನಿವಾರದ ಪಾಳಿಯನ್ನೇ ಅವಳು ಯಾಕೆ ಆರಿಸಿಕೊಂಡಳೆಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆದದ್ದು ಬಹಳ ವರ್ಷದ ಮೇಲೆ. ಶುಕ್ರವಾರ ಅವಳು ತಾನೇ ಸುಟ್ಟ ಎರಡು ರೊಟ್ಟಿ ಬಟ್ಟೆಯಲ್ಲಿ ಸುತ್ತಿ, ಅಜ್ಜಿಯ ದೀಪದ ಮುಂದಿಡಲೆಂದು ತರುತ್ತಿದ್ದಳು. ನೀನು ಅದನ್ನು ಬರೀ ನೆರೆಮನೆಯ ಪ್ರೀತಿ ಅಂದುಕೊಂಡೆ. ಅದೂ ಹೌದು.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ.

ಯುಗಾದಿಯ ನಂತರದ ಶುಕ್ರವಾರ ಫರ್ವಾನಿಯಾದ ಒಬ್ಬರ ಮನೆಯಲ್ಲಿ ಕನ್ನಡದವರ ಊಟ. ನೀವು ಬರಲಿಲ್ಲ, ಅಜ್ಜಿಯನ್ನು ಬಿಟ್ಟು ಹೇಗೆ ಬರುತ್ತೀರಿ? ಒಬ್ಬಟ್ಟು ತಿಂದು ಮೈಚೆಲ್ಲಿ ಕೂತ ಜನ ವಿಠಲ, ಏನಾದರೂ ಮಾಡು ಅಂದರು. ಕಫೀಲನ ಕೆಮ್ಮು ಆಯಿತು, ಏರ್‌ಪೋರ್ಟ್ ಪೊಲೀಸ್ ಆಯಿತು. ಅವೆಲ್ಲ ಅವರು ಕೇಳಿದ್ದೇ. ನಗು ಸಣ್ಣಗಾಗುತ್ತ ಬಂತು. ನನಗೆ ಅದು ಉಸಿರು ಕಟ್ಟಿದ ಹಾಗೆ — ನಾನು ಟೀಪಾಯಿಯ ಮೇಲಿದ್ದ ಟವೆಲ್ ತಲೆಗೆ ಹೊದ್ದುಕೊಂಡೆ. ಎರಡು ಲೋಟ ಮುಂದಿಟ್ಟೆ. ಕೈಯಾಡಿಸಿದೆ, ಕಣ್ಣು ಮುಚ್ಚಿದೆ, ಗುನುಗಿದೆ. ನಡುವೆ ಕಣ್ಣು ತೆರೆದು ಗಾಡಿ ಬಂತೇನ್ರಿ ಮಾಸ್ತರ ಎಂದೆ. ಜನ ಬಿದ್ದು ಬಿದ್ದು ನಕ್ಕರು. ಯಾರೆಂದು ಹೇಳಬೇಕಿರಲಿಲ್ಲ. ಪಾಳಿಯ ಹೆಂಗಸರೆಲ್ಲ ಅಲ್ಲೇ ಇದ್ದರು.

ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಬೊಂಬಾಯಿಯಲ್ಲಿ ಬೆಳೆದ ಒಬ್ಬರು ಶೆಟ್ಟರು ನಗದೆ ಕೂತಿದ್ದರು. "ಇದು ನಮ್ಮ ಚಾಳಿನ ಹತ್ತಿರ ಇಸ್ರೇಲಿ ಜನ ಶುಕ್ರವಾರ ಮಾಡ್ತಿದ್ದದ್ದಲ್ವಾ?" ಎಂದರು.

ಇಲ್ಲ ಅನ್ನಬಹುದಿತ್ತು. ಹುಚ್ಚು ಮುದುಕಿಯ ಆಟ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಕಟ್ಟಿದ ಆಟ, ಕೊನೆಯ ಮಾತು ಶೆಟ್ಟರದ್ದಾಗುವುದು ನನಗೆ ಸಹಿಸಲಾಗಲಿಲ್ಲ, ಸುಮತಿ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

"ಎಂತ ಶೆಟ್ರೆ, ನಿಮಗೆ ಈಗ ಗೊತ್ತಾದದ್ದಾ? ನನಗೆ ರಘುವೇ ಹೇಳಿದ್ದಾನೆ," ಎಂದೆ.

ನಗು ನಿಂತಿತು. ಒಬ್ಬರು ಎದ್ದು ಹೋಗಿ ಕಿಟಕಿ ಮುಚ್ಚಿದರು.

ಭಾನುವಾರದಿಂದ ಪಾಳಿಯವರ ನೆಪಗಳು. ಮಗುವಿಗೆ ಜ್ವರ, ಡ್ಯೂಟಿ ಬದಲು, ಬಸ್ಸು ಸಿಗಲಿಲ್ಲ. ಯಾವ ಅಧಿಕಾರಿಯೂ ಬರಲಿಲ್ಲ, ಯಾವ ಕುವೈತಿಯೂ ಒಂದು ಮಾತು ಕೇಳಲಿಲ್ಲ; ಅವರಿಗೆ ಗೊತ್ತೂ ಇರಲಿಲ್ಲ. ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದಾಗುತ್ತದೆಂದು ಹೆದರಿ ಹೆದರಿಸಿದವರು ನಾವೇ. ನಮ್ಮ ವನಜಾ ಮಾತ್ರ ಹೊರಟು ನಿಂತಳು. ಅವಳನ್ನು ಬಾಗಿಲಲ್ಲಿ ತಡೆದವನು ನಾನು.

ಕೊನೆಗೆ ನೀನು ನಮ್ಮ ಮನೆಗೆ ಬಂದೆ. ಯಾರೋ ಫೋನಿನಲ್ಲಿ ಬಾಯಿ ಬಿಟ್ಟಿದ್ದರು, ನನ್ನ ಹೆಸರು ಮಾತ್ರ ಹೇಳಿರಲಿಲ್ಲ. ಕೂರಲೂ ಇಲ್ಲ. "ಗೊತ್ತಿದ್ದದ್ದು ನಮಗ ಮೂರೇ ಮಂದಿಗೆ ಅಣ್ಣಾರ. ಹೊರಗ ಹ್ಯಾಂಗ ಹೋತು?" ಎಂದೆ. ಕೇಳುವಾಗ ನಿನ್ನ ಕಣ್ಣಿನಲ್ಲಿ ಸಂಶಯ ಇರಲಿಲ್ಲ. ನನ್ನನ್ನು ನಂಬಿಯೇ ಕೇಳುತ್ತಿದ್ದೆ.

ನನಗೆ ಯೋಚಿಸಲು ಸಮಯವೇ ಬೇಕಾಗಲಿಲ್ಲ. ಅದು ನನ್ನನ್ನು ಈಗಲೂ ಹೆದರಿಸುತ್ತದೆ. "ನಾಲ್ಕು ಜನಕ್ಕೆ ಗೊತ್ತಿತ್ತು ಸುಮತಿ. ಉಮ್ ಖಲೀಲ್ ನನ್ನ ಹತ್ತಿರವೇ ಹೇಳಿದ್ದಾಳೆ. ಅವರ ಊರು ಹೋದದ್ದು ಯಾರಿಂದ ಅಂತ ನಿನಗೆ ಗೊತ್ತಲ್ಲ. ಮತ್ತೆ ಅವಳು ಸುಮ್ಮನಿರ್ತಾಳಾ?"

ಒಂದೊಂದು ಮಾತೂ ಬಿಡಿಬಿಡಿಯಾಗಿ ನಿಜ. ಒಟ್ಟು ಸೇರಿ ಎಂಥ ಸುಳ್ಳು! ವನಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನೀನು ಹೋದ ಮೇಲೆ ಅವಳು ನನಗೆ ಬಡಿಸಲಿಲ್ಲ.

ನೀನು ಉಮ್ ಖಲೀಲಳಿಗೆ ಬಾಗಿಲು ಮುಚ್ಚಿದೆ. ಜಗಳ ಮಾಡಲಿಲ್ಲ, ಅಜ್ಜಿ ಮಲಗಿದ್ದಾರೆ ಎಂದು ಮಾತ್ರ ಹೇಳಿದೆಯಂತೆ. ಅಜ್ಜಿಗೆ ಹುಷಾರಿಲ್ಲವೆಂದುಕೊಂಡ ಅವಳು ಮುಂದಿನ ಶುಕ್ರವಾರ ಎರಡು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ನಿಮ್ಮ ಬಾಗಿಲ ಹಿಡಿಕೆಗೆ ನೇತುಹಾಕಿ ಹೋದಳು.

ಇದು ನಿನಗೆ ಗೊತ್ತಿಲ್ಲ. ಯಾಕೆಂದರೆ ಅದನ್ನು ನಾನು ತೆಗೆದುಕೊಂಡೆ.

ಮೆಟ್ಟಿಲಿಳಿಯುತ್ತಿದ್ದವನು ನೋಡಿದೆ. ಇನ್ನೂ ಬಿಸಿಯಾಗಿತ್ತು. ಚಾಡಿ ಹೇಳಿದವಳು ರೊಟ್ಟಿ ಸುಟ್ಟು ತರುತ್ತಾಳೆಯೇ ಎಂದು ನೀನು ಒಂದು ಕ್ಷಣ ಯೋಚಿಸಿದರೆ ನನ್ನ ಕತೆ ಅಲ್ಲಿಗೆ ಖಲಾಸ್. ಅಂಗಡಿಗೆ ಒಯ್ದು ಹುಡುಗರಿಗೆ ಹಂಚಿ ನಾನೂ ತಿಂದೆ. ಸಂಜೆ ಬಟ್ಟೆಯನ್ನು ಮಡಚಿ, ನೀನೇ ಹಿಂದಿರುಗಿಸಿದಂತೆ, ಅವಳ ಬಾಗಿಲಿಗೆ ಕಟ್ಟಿದೆ. ಅವಳು ಅದನ್ನು ನಿನ್ನ ಉತ್ತರ ಅಂದುಕೊಂಡಳು. ಮರು ಶುಕ್ರವಾರ ಮತ್ತೆ ತಂದಳು. ಅದರ ಮರು ಶುಕ್ರವಾರವೂ. ನಾನು ತೆಗೆಯುತ್ತ ಹೋದೆ.

ನಿನಗೆ ಬೇರೆ ದಾರಿ ಉಳಿಯಲಿಲ್ಲ. ಅಜ್ಜಿಯನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿ ಶಾಲೆಗೆ ಹೋಗತೊಡಗಿದೆ. ಒಂದು ಶನಿವಾರ ಬೆಳಿಗ್ಗೆ ನಾನು ಇಳಿಯುವಾಗ ಒಳಗಿನಿಂದ ಬಾಗಿಲು ಬಡಿಯುತ್ತಿದ್ದ ಸದ್ದು. "ತಗೀರೋ. ಗಾಡಿ ಹೊಂಟೈತಿ. ಕತ್ತಲಾಗೈತಿ, ಯಾರರೆ ದೀಪ ಹಚ್ಚಿರೋ."

ಕಿಟಕಿಗಳಿಗೆ ನೀನು ದಪ್ಪ ಪರದೆ ಎಳೆದಿದ್ದೆ. ಸ್ವಿಚ್ಚು ಆಕೆಯ ಕೈಯಳತೆಯಲ್ಲೇ ಇತ್ತು. ಶನಿವಾರ, ಆಕೆ ಮುಟ್ಟುವವಳಲ್ಲ. ಹಚ್ಚಿಕೊಡಬೇಕಾದವಳು ಎದುರಿನ ಬಾಗಿಲು ಅರ್ಧ ತೆರೆದು ನಿಂತಿದ್ದಳು, ಕೈಯನ್ನು ಎದೆಗೆ ಒತ್ತಿಕೊಂಡು. ಅವಳು ಬೀಗವನ್ನು ನೋಡಿದಳು, ನನ್ನನ್ನು ನೋಡಿದಳು. ಯಾಕೆ ಎಂದು ಕೇಳಿದಳು. ಗೊತ್ತಿಲ್ಲ ಅಂದೆ.

ಮೂಗು ಹಿಡಿದುಕೊಂಡು ಬಾಗಿಲಿಗೆ ಬಾಯಿಟ್ಟೆ. "ಗಾಡಿ ಲೇಟ್ ಐತ್ರಿ ಬಾಯಾರ. ಲೋಂಡಾದಾಗ ನಿಂತೈತಿ."

ಬಡಿತ ನಿಂತಿತು. ಬಾಗಿಲಿನ ಬುಡದಿಂದ — ಅಲ್ಲೇ ಕೂತಿರಬೇಕು — ಆಕೆಯ ಧ್ವನಿ ಬಂತು: "ಆತ್ರಿ ಮಾಸ್ತರ. ಕುಂದರ್ತೀನಿ."

ನಾನು ಅಂಗಡಿಗೆ ಹೋದೆ.

ಆ ಸಂಜೆ ನೀನು ಬಂದಾಗ ಆಕೆಯ ಎರಡೂ ಅಂಗೈ ಬಾತಿದ್ದವು. ನೀನು ಕೆಲಸ ಬಿಟ್ಟೆ. ರಜೆ ಶುರುವಾಗುವ ಮುಂಚೆಯೇ ಆಕೆಯನ್ನು ಕರೆದುಕೊಂಡು ಊರಿಗೆ ಹೊರಟೆ. ರಘು ಒಬ್ಬನೇ ಉಳಿದ. ಸೂಟ್‌ಕೇಸು ಹೊತ್ತು ಇಳಿಸಿದವನು ನಾನು. ಮೆಟ್ಟಿಲಿನಲ್ಲಿ ಉಮ್ ಖಲೀಲ್ ನಿಂತಿದ್ದಳು. ನೀನು ಮುಖ ತಿರುಗಿಸಿ ಇಳಿದೆ. ಅಜ್ಜಿ ಮಾತ್ರ ನಿಂತು ಅವಳ ಕೆನ್ನೆ ಸವರಿ, ಬರ್ತೀನವ್ವಾ, ಗಾಡಿ ಬಂತು ಅಂದಳು. ಆಕೆಯ ಗಾಡಿ ಅಂದು ನಿಜವಾಗಿ ಬಂದಿತ್ತು. ಹುಬ್ಬಳ್ಳಿ ಮುಟ್ಟಿ ವರ್ಷ ತುಂಬುವುದರೊಳಗೆ ಆಕೆ ತೀರಿಹೋದಳು.

ರಘುವಿಗೆ ನಾನು ಹೇಳಲಿಲ್ಲ. ಅವನೂ ಹೋದ. ವನಜಾ ಕೊನೆಯ ಕಾಯಿಲೆಯಲ್ಲಿ ಒಮ್ಮೆ, ಸುಮತಿಗೆ ಹೇಳಿಬಿಡಿ ಅಂದಳು. ಹೇಳುತ್ತೇನೆ ಅಂದೆ. ಉಮ್ ಖಲೀಲಳ ಮನೆಯವರು ತೊಂಬತ್ತೊಂದರ ಕುವೈತ್ ಯುದ್ಧದ ನಂತರ ಎಲ್ಲಿಗೆ ಹೋದರೋ — ಹುಡುಕುವುದಕ್ಕೆ ನನಗೆ ಅವಳ ಸ್ವಂತ ಹೆಸರೂ ಗೊತ್ತಿಲ್ಲ. ಖಲೀಲನ ತಾಯಿ ಅನ್ನುವುದಷ್ಟೇ ಗೊತ್ತು.

ಕಳೆದ ತಿಂಗಳು ಹುಬ್ಬಳ್ಳಿಯ ಮದುವೆಯಲ್ಲಿ ನಿನ್ನ ಪಕ್ಕದಲ್ಲೇ ಊಟಕ್ಕೆ ಕೂತಿದ್ದೆ. ನೀನು ಈಗ ಏನನ್ನೂ ಮುಚ್ಚಿಡುವುದಿಲ್ಲ. ಅತ್ತೆಯ ಕತೆಯನ್ನು ಮೊಮ್ಮಗಳಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ. ಕೊನೆಗೆ ಅಂದೆ: "ನೆರೆಮನಿಯವರನ್ನ ಭಾಳ ನಂಬಬ್ಯಾಡ ಪುಟ್ಟಿ. ಒಬ್ಬಾಕಿ ರೊಟ್ಟಿ ತಂದು ತಿನಿಸಿದ್ಲು, ಹಿಂದಿಂದ ಚೂರಿ ಹಾಕಿದ್ಲು. ಈ ವಿಠಲಜ್ಜಾರ ಇಲ್ದಿದ್ರ ನಮಗ ಗೊತ್ತಾಗ್ತಿರಲಿಲ್ಲ." ಹುಡುಗಿ ನನ್ನ ಕಡೆ ನೋಡಿ ನಕ್ಕಳು. ನನ್ನ ಬಾಯಲ್ಲಿ ಅನ್ನವಿತ್ತು.

ಅಂದೂ ನಾನು ಇಡೀ ಪಂಕ್ತಿಯನ್ನು ನಗಿಸಿದೆ. ಪುರೋಹಿತರು, ಬೀಗರು, ಬ್ಯಾಂಡಿನವನು — ಎಲ್ಲರ ಧ್ವನಿ ಬಂತು. ಈ ಬಾಯಿಗೆ ಒಗ್ಗದ ಧ್ವನಿಯೇ ಇಲ್ಲ ಎಂದು ಕೊಚ್ಚಿಕೊಂಡೆ. ಉಮ್ ಖಲೀಲಳದು ನನಗೆ ಈಗಲೂ ಬರುತ್ತದೆ. ಯಾಕೆ ಎಂದು ಕೇಳಿದ ಆ ಒಂದು ಮಾತು, ಆ ಎಳೆತದ ಸಮೇತ. ಅಂದಿನಿಂದ ಒಮ್ಮೆಯೂ ಮಾಡಿಲ್ಲ.

ಕ್ಷಮೆ ಕೇಳುತ್ತಿಲ್ಲ. ಕೇಳಬೇಕಾದವರಲ್ಲಿ ಇಬ್ಬರು ಸತ್ತರು, ಒಬ್ಬಳು ಎಲ್ಲಿದ್ದಾಳೋ, ಉಳಿದವಳು ನೀನು; ನಿನ್ನದು ನಿನ್ನಿಷ್ಟ. ಒಂದು ಕೆಲಸ ಮಾತ್ರ ಮಾಡು. ಆ ಮೊಮ್ಮಗಳನ್ನು ಕೂರಿಸಿಕೊಂಡು ಕತೆ ತಿದ್ದಿ ಹೇಳು. ರೊಟ್ಟಿ ತಂದವಳು ತಂದೇ ತಂದಳು, ನೀವು ಬಾಗಿಲು ಮುಚ್ಚಿದ ಮೇಲೂ ತಂದಳು ಎಂದು ಹೇಳು. ತಿಂದವನು ಯಾರು, ಚೂರಿ ಹಾಕಿದವನು ಯಾರು ಅಂತ ಹುಡುಗಿ ಕೇಳಿದರೆ, ನನ್ನ ಹೆಸರು ಹಿಡಿದೇ ಹೇಳು.