ದಿಬ್ಬೂರಹಳ್ಳಿಯ ಒಂದು ದಿನದ ಮುಯ್ಯಾಳು

ಎಪ್ಪತ್ತೊಂದರ ಯುದ್ಧದಲ್ಲಿ ನಾನು ಪೂರ್ವ ಗಡಿಯ ಸೇನಾ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಲೆಫ್ಟಿನೆಂಟ್ ಆಗಿದ್ದೆ. ವಯಸ್ಸು ಇಪ್ಪತ್ಮೂರು. ಅಲ್ಲಿ ಕಲಿತ ಮೊದಲ ಪಾಠ ಟ್ರಯಾಜ್. ಗಾಯಾಳುಗಳು ಒಟ್ಟಿಗೇ ಬಂದಿಳಿದಾಗ ಯಾರಿಗೆ ತಕ್ಷಣ ಚಿಕಿತ್ಸೆ, ಯಾರು ಒಂದು ಗಂಟೆ ತಡೆಯಬಲ್ಲರು, ಯಾರು ಸಂಜೆಯವರೆಗೂ ಕಾಯಬಲ್ಲರು ಎಂದು ವಿಂಗಡಿಸುವ ಕೆಲಸಕ್ಕೆ ಆ ಹೆಸರು. ಕಾಯಲು ಹೇಳಿಸಿಕೊಂಡ ಕೆಲವರ ಮುಖಗಳು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆದರೆ ನಾನೀಗ ಬರೆಯಹೊರಟಿರುವುದು ರೇಷ್ಮೆ ಹುಳುಗಳ ಬಗ್ಗೆ.

ಸೇನೆ ಬಿಟ್ಟು ಊರಿಗೆ ಬಂದು, ಬಿ.ಎಸ್ಸಿ., ಬಿ.ಎಡ್. ಮುಗಿಸಿ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಹೈಸ್ಕೂಲ್ ವಿಜ್ಞಾನ ಶಿಕ್ಷಕಿಯಾದೆ. ಎಂಬತ್ತರ ದಶಕದ ಕೊನೆಯಲ್ಲಿ ದಿಬ್ಬೂರಹಳ್ಳಿಯ ಕಡೆ ಇದ್ದೆ. ಮಕ್ಕಳು ನನಗಿಟ್ಟ ಹೆಸರು ಮಿಲ್ಟ್ರಿ ಮೇಡಂ. ಇಟ್ಟದ್ದು ತಪ್ಪೇನಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನಗಳಲ್ಲಿ ಬೆಳಗ್ಗೆ ಆರೂವರೆಗೇ, ವಾರ್ಡ್ ರೌಂಡ್ ಹೊರಟವಳಂತೆ, ಒಂದೊಂದೇ ಮನೆಯ ಬಾಗಿಲು ತಟ್ಟಿ ಹುಡುಗರನ್ನು ಎಬ್ಬಿಸುತ್ತಿದ್ದೆ. ಪರೀಕ್ಷಾ ಕೇಂದ್ರ ಶಿಡ್ಲಘಟ್ಟದಲ್ಲಿತ್ತು. ಒಂಬತ್ತರ ಬಸ್ಸು ತಪ್ಪಿದರೆ ಒಂದು ವರ್ಷ ತಪ್ಪಿದಂತೆ.

ವಿಜ್ಞಾನ ಪರೀಕ್ಷೆಯ ದಿನ ನನ್ನ ವಿದ್ಯಾರ್ಥಿನಿ ಗಂಗರತ್ನಳ ಮನೆಗೆ ಹೋದಾಗ ಅವಳು ಓದುತ್ತಿರಲಿಲ್ಲ, ಮಲಗಿಯೂ ಇರಲಿಲ್ಲ. ಹುಳುಮನೆಯಲ್ಲಿ ಕೂತು ಒಂದೊಂದೇ ಹುಳುವನ್ನು ಬೆಳಕಿಗೆ ಹಿಡಿದು ನೋಡುತ್ತ, ಚಂದ್ರಿಕೆಗೆ ಬಿಡುತ್ತಿದ್ದಳು. ಚಂದ್ರಿಕೆಯೆಂದರೆ ಹುಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುತ್ತು ಸುತ್ತಾಗಿ ಹೆಣೆದ ತಟ್ಟಿ. ಹುಳು ಹಣ್ಣಾದರೆ, ಅಂದರೆ ಮೈ ಹಳದಿಗೆ ತಿರುಗಿ ಸೊಪ್ಪು ಬಿಟ್ಟರೆ, ಕೆಲವೇ ಗಂಟೆಗಳಲ್ಲಿ ಅದನ್ನು ಚಂದ್ರಿಕೆ ಸೇರಿಸಬೇಕು. ಇಲ್ಲದಿದ್ದರೆ ಕಸದಲ್ಲೇ ನೂಲು ಬಿಟ್ಟು ಗೂಡು ಕೆಡುತ್ತದೆ. ಆ ವರ್ಷದ ಸೆಕೆಗೆ ಹುಳುಗಳು ಒಂದು ದಿನ ಮೊದಲೇ ಹಣ್ಣಾಗಿದ್ದವು. ಅವಳ ತಾಯಿಯ ಬಲಗೈ ಮುರಿದು ಪ್ಲಾಸ್ಟರ್‌ನಲ್ಲಿತ್ತು. ಸೊಪ್ಪು ತರಲು ಗೌರಿಬಿದನೂರಿನ ಕಡೆ ಹೋದ ತಂದೆ ಇನ್ನೂ ಬಂದಿರಲಿಲ್ಲ. ಇದ್ದದ್ದು ಮೂವತ್ತು ತಟ್ಟೆ ಹುಳು, ಒಬ್ಬಳು ಹುಡುಗಿ, ಒಬ್ಬರು ಅಜ್ಜಿ.

ನಾನು ಒಳಗೆ ಕಾಲಿಡುವಷ್ಟರಲ್ಲಿ ಅಜ್ಜಿ ಬಾಗಿಲಿಗೆ ಕೈ ಅಡ್ಡ ಹಿಡಿದರು. ಗಾಬರಿಯಾದರೆ ಅವರ ಬಾಯಿಗೆ ಮೊದಲು ತೆಲುಗೇ ಬರುತ್ತಿತ್ತು, ಬೇಡ ಎನ್ನಲು ವದ್ದು.

"ವದ್ದಮ್ಮಾ, ವದ್ದು! ಪೌಡರ್ ಹಾಕ್ಕೊಂಡು ಹುಳದ್ ಮನೇಗೆ ಬರ್ತಾರೇನಮ್ಮಾ? ಮೇಷ್ಟ್ರಾಗಿ ಅಷ್ಟೂ ಗೊತ್ತಾಗಲ್ವಾ?"

ಹುಳುಗಳಿಗೆ ಸುವಾಸನೆ ಆಗದು ಎಂಬುದು ಈ ಸೀಮೆಯ ಕೂಸಿಗೂ ಗೊತ್ತು. ಸೇನೆಯಿಂದ ಬಂದ ಅಭ್ಯಾಸದಂತೆ ನಾನು ಸ್ನಾನ ಮುಗಿಸಿ ಮೈತುಂಬ ಟಾಲ್ಕಂ ಪೌಡರ್ ಬಳಿದುಕೊಂಡೇ ಹೊರಟಿದ್ದೆ. ವಿಜ್ಞಾನದ ಮೇಡಂ ಎಂಬ ಜಂಬ ಅಲ್ಲೇ ಇಳಿಯಿತು. ಹಿತ್ತಲಿನಲ್ಲಿ ಮತ್ತೊಮ್ಮೆ ಮೈ ತೊಳೆದು, ಅಜ್ಜಿಯ ಹಳೇ ಸೀರೆ ಸುತ್ತಿಕೊಂಡು ಒಳಗೆ ಹೋದೆ.

ಗಂಗರತ್ನ ಮೊದಲ ತಟ್ಟೆಯಿಂದ ಸಾಲಾಗಿ ಆರಿಸುತ್ತ ಬರುತ್ತಿದ್ದಳು. ಹಾಗೆ ಹೋದರೆ ಮಧ್ಯಾಹ್ನವಾದರೂ ಮುಗಿಯುವಂತಿರಲಿಲ್ಲ. ಗಾಯಾಳುಗಳನ್ನು ವಿಂಗಡಿಸಿ ಕಟ್ಟುವ ಬಣ್ಣದ ಚೀಟಿಗಳನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ್ದವಳಿಗೆ ಇಂಥದ್ದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಬ್ಯಾಗಿನಿಂದ ಸೀಮೆಸುಣ್ಣ ತೆಗೆದು ಪ್ರತಿ ತಟ್ಟೆಯ ಅಂಚಿಗೂ ಗುರುತು ಹಾಕಿದೆ. ಪೂರ್ತಿ ಹಣ್ಣಾದದ್ದಕ್ಕೆ ಒಂದು ಗೀಟು, ಅರೆಹಣ್ಣಿಗೆ ಎರಡು, ಇನ್ನೂ ಮೇಯುತ್ತಿರುವುದಕ್ಕೆ ಮೂರು. ಒಂದು ಗೀಟಿನವು ಹನ್ನೊಂದೇ ತಟ್ಟೆ ಇದ್ದವು.

"ಈ ಹನ್ನೊಂದು ಮುಗಿದ್ರೆ ಉಳಿದಿದ್ದು ಸಂಜೇಗೆ ತಡೆಯುತ್ತೆ. ಅಕ್ಕಪಕ್ಕದೋರನ್ನ ಮುಯ್ಯಾಳಿಗೆ ಕರೀರಿ ಅಜ್ಜಿ," ಎಂದೆ.

ಮುಯ್ಯಾಳೆಂದರೆ ಕೂಲಿಯಿಲ್ಲದ ಕೈಬದಲು. ಇಂದು ನೀನು ನಮ್ಮ ಮನೆಗೆ ದುಡಿದರೆ ನಾಳೆ ನಾನು ನಿಮ್ಮ ಮನೆಗೆ. ಅಜ್ಜಿ ತಲೆ ತಗ್ಗಿಸಿದರು.

"ಸೊಸೆ ಕೈ ಮುರ್ಕೊಂಡಾಗಿಂದ ನಾವು ಯಾರ ಮನೆಗೂ ಹೋಗಿಲ್ಲಮ್ಮಾ. ಈಗ ಯಾವ ಮುಖ ಇಟ್ಕೊಂಡು ಕರೀಲಿ?"

ಗಂಗರತ್ನ ನನ್ನತ್ತ ತಿರುಗಲೇ ಇಲ್ಲ. "ಬಿಡಿ ಮೇಡಂ, ಅಕ್ಟೋಬರ್‌ನಲ್ಲಿ ಬರೀತೀನಿ," ಎಂದಳು. ಅಕ್ಟೋಬರ್‌ನ ಮರುಪರೀಕ್ಷೆಗೆ ಬರೆಯುತ್ತೇನೆಂದು ನಿಂತ ಹುಡುಗಿಯರಲ್ಲಿ ತಿರುಗಿ ಬಂದವರನ್ನು ನಾನು ಕಂಡಿರಲಿಲ್ಲ. ನನಗೆ ಸಿಟ್ಟು ಬಂತು. ಹುಡುಗಿಯ ಮೇಲಲ್ಲ, ಅಜ್ಜಿಯ ಮೇಲೂ ಅಲ್ಲ, ಆ ಬಿಗುಮಾನದ ಮೇಲೆ.

ಅಜ್ಜಿಯ ಸೀರೆಯಲ್ಲೇ ಬೀದಿಗೆ ಬಂದು, ಕವಾಯತಿನ ಗಂಟಲಿನಲ್ಲಿ ಕೂಗಿದೆ: "ನನಗೆ ಮುಯ್ಯಾಳು ಬೇಕು! ಈಗಲೇ ಬೇಕು!"

ಎದುರು ಮನೆಯಾಕೆ ನಕ್ಕುಬಿಟ್ಟರು. "ನಿಮ್ಗೆಲ್ಲಿ ಹುಳ ಮೇಡಂ?"

"ಇವತ್ತು ಈ ಮನೇದೆಲ್ಲ ನಂದೇ. ಬಂದೋರ ಮನೇಗೆ ನಾನೇ ಬಂದು ಒಂದೊಂದು ದಿನ ಮಾಡ್ಕೊಡ್ತೀನಿ."

ಮಿಲ್ಟ್ರಿ ಮೇಡಂ ತಮ್ಮ ಮನೆಯ ಹುಳು ಆರಿಸುವುದನ್ನು ನೋಡುವ ಆಸೆಗೋ ಏನೋ, ಏಳು ಜನ ಹೆಂಗಸರು ಬಂದರು. ಗಂಗರತ್ನಳನ್ನು ಎಬ್ಬಿಸಿ ಸ್ನಾನಕ್ಕೆ ಅಟ್ಟಿದೆವು. ಒಂಬತ್ತಕ್ಕೆ ಅವಳು ಬಸ್ಸಿನಲ್ಲಿದ್ದಳು, ಹತ್ತಕ್ಕೆ ಹನ್ನೊಂದನೆಯ ತಟ್ಟೆ ಬರಿದಾಯಿತು. ಅವಳು ಪಾಸಾದಳು. ವಿಜ್ಞಾನದಲ್ಲಿ ಐವತ್ತೆರಡು. ಆ ಅಂಕ ಕೇಳಿ ನನಗಾದ ಸಂತೋಷ ರ‍್ಯಾಂಕ್ ಬಂದವರ ಮನೆಯಲ್ಲೂ ಆಗಿರಲಾರದು.

ಕೊಟ್ಟ ಮಾತಿನಂತೆ ಬೇಸಿಗೆ ರಜೆಯಲ್ಲಿ ಏಳು ಮನೆಗಳಿಗೆ ಹೋಗಿ ಏಳು ದಿನ ದುಡಿದೆ. ಮೊದಲ ಮನೆಯಲ್ಲಿ ಹಸಿ ಹುಳುಗಳನ್ನೇ ಚಂದ್ರಿಕೆಗೆ ಹತ್ತಿಸಿ ಬೈಸಿಕೊಂಡೆ. ಏಳನೆಯ ಮನೆಯ ಹೊತ್ತಿಗೆ ಕೈ ಪಳಗಿತು. ಗಂಗರತ್ನಳ ಅಜ್ಜಿ ಮಾತ್ರ ಸಿಕ್ಕಾಗಲೆಲ್ಲ ಹೇಳುತ್ತಿದ್ದರು: "ನಿಮ್ದೊಂದು ದಿನ ನಮ್ಮೇಲಿದೆ ಮೇಡಂ." ನನಗೆಲ್ಲಿ ಹುಳ ಎಂದು ನಾನು ನಗುತ್ತಿದ್ದೆ. ಆ ಒಂದು ದಿನವನ್ನು ಮೊಮ್ಮಗಳಿಗೆ ಒಪ್ಪಿಸಿ ಅವರು ತೀರಿಕೊಂಡರು.

ಈಗ ನನಗೆ ಎಪ್ಪತ್ತೇಳು. ಮೇಲೂರಿನಲ್ಲಿದ್ದೇನೆ. ಸುಮ್ಮನಿರಲಾರದೆ ಮನೆಯ ಹಿಂದಿನ ಶೆಡ್ಡಿನಲ್ಲಿ ಪುಟ್ಟದೊಂದು ರೇಷ್ಮೆ ಬೆಳೆ ಇಡುತ್ತೇನೆ. ಕಳೆದ ಸಲದ ಬೆಳೆ ಹಣ್ಣಾಗುವ ದಿನವೇ ಚಿಕ್ಕಬಳ್ಳಾಪುರದಲ್ಲಿ ಎಪ್ಪತ್ತೊಂದರ ಯೋಧರಿಗೆ ಸನ್ಮಾನವಿತ್ತು. ಐವತ್ತು ವರ್ಷ ಕಳೆದ ಮೇಲೆ ಮೊದಲ ಸಲ ನನ್ನನ್ನು ಕರೆದಿದ್ದರು. ಹೋಗಬೇಕೆಂಬ ಆಸೆ ಬಹಳವಿತ್ತು. ಆದರೂ ಹುಳು ಆರಿಸಲು ಯಾರ ನೆರವನ್ನೂ ಕೇಳದೆ, ಬರಲಾಗದೆಂದು ಹೇಳಿಬಿಟ್ಟೆ. ಹಿಂದಿನ ಸಂಜೆ ಫೋನಿನಲ್ಲಿ ಈ ವಿಷಯ ಗಂಗರತ್ನಳ ಕಿವಿಗೆ ಬಿತ್ತು. ಅವಳೀಗ ಚಿಂತಾಮಣಿಯ ಪಶು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾಳೆ.

ಬೆಳಗ್ಗೆ ಏಳಕ್ಕೆ ಬಾಗಿಲು ತಟ್ಟಿದ್ದು ಅವಳೇ. ಜೊತೆಗೆ ದಿಬ್ಬೂರಹಳ್ಳಿಯ ನಾಲ್ವರು ಹೆಂಗಸರು. "ಯಾವ ಮುಖ ಇಟ್ಕೊಂಡು ಕರೀಲಿ ಅಂತ ಕೂತಿದ್ರಾ ಮೇಡಂ? ನಮ್ಮಜ್ಜಿ ಹಂಗಂದಾಗ ಸಿಟ್ಟಾದೋರು ನೀವೇ ತಾನೆ!" ಎಂದಳು.

ಬಿಳಿ ಸೀರೆಯುಟ್ಟು, ಪದಕ ಧರಿಸಿ, ಹೊರಡುವ ಮುನ್ನ ನಾಲ್ಕು ಮಾತು ಹೇಳೋಣವೆಂದು ಶೆಡ್ಡಿಗೆ ಬಂದೆ. ತಟ್ಟೆಗಳ ಅಂಚಿನಲ್ಲಿ ಆಗಲೇ ಸೀಮೆಸುಣ್ಣದ ಗೀಟುಗಳಿದ್ದವು. ಗಂಗರತ್ನ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ವದ್ದಮ್ಮಾ! ಪೌಡರ್ ವಾಸನೆ. ಆಚೇನೇ ಇರಿ. ಒಂಬತ್ತರ ಬಸ್ಸಿಗೆ ಹೊರಡಿ."

"ಸರಿ ಕಣಮ್ಮ. ಇವತ್ತಿಗೆ ನಿಮ್ಮಜ್ಜಿ ಮುಯ್ಯಿ ತೀರ್ತು," ಎಂದೆ.

"ಎಲ್ಲಿ ತೀರ್ತು? ನಿಮ್ದಿದ್ದಿದ್ದು ಒಂದು ದಿನ. ನಾವು ಬಂದಿರೋದು ಐದು ಜನ. ಇನ್ನು ನಾಲ್ಕು ದಿನ ನೀವೇ ನಮ್ಮೂರಿಗೆ ಬರ್ಬೇಕು."

ಯಾರು ಮೊದಲು, ಯಾರು ಆಮೇಲೆ ಎಂದು ವಿಂಗಡಿಸುವುದನ್ನು ಯುದ್ಧ ಕಲಿಸಿತು. ಕೈಚಾಚಿ ಕರೆಯುವುದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟ ನಾನು ಸ್ವತಃ ಕಲಿತದ್ದು ಎಪ್ಪತ್ತೇಳರಲ್ಲಿ, ನನ್ನ ವಿದ್ಯಾರ್ಥಿನಿಯಿಂದ. ಮುಯ್ಯಿ ಎಂದೂ ಪೂರ್ತಿ ತೀರಬಾರದು, ತೀರಿದರೆ ಒಬ್ಬರ ಮನೆಗೆ ಒಬ್ಬರು ಹೋಗುವುದೇ ನಿಲ್ಲುತ್ತದೆ. ಮುಂದಿನ ತಿಂಗಳು ದಿಬ್ಬೂರಹಳ್ಳಿಯಲ್ಲಿ ಹುಳುಗಳು ಹಣ್ಣಾಗುತ್ತವಂತೆ. ನಾಲ್ಕು ದಿನ ಪೌಡರ್ ಹಚ್ಚದೆ ಹೋಗಬೇಕು.